ದನವೂ ಧನವೂ ಒಂದೇ ಆದಾಗ

ಊರು ಬಿಟ್ಟು ಮುಂಬಯಿ, ಪುಣೆ, ದೆಹಲಿಗಳಲ್ಲಿ ನೆಲೆಸಿದ ನಮ್ಮಂಥವರ ಮನೆಗಳಲ್ಲಿ ಈಗ ಕನ್ನಡದ ಓದು ಹೆಚ್ಚಾಗಿ ನಡೆಯುವುದು ಗಣಕದ ತೆರೆಯ ಮೇಲೆ. 2025ರ ಅಕ್ಟೋಬರಿನಲ್ಲಿ ವಿಂಡೋಸ್ 10ಕ್ಕೆ ಬೆಂಬಲ ನಿಂತ ಮೇಲೆ, ಹಳೆಯ ಲ್ಯಾಪ್‌ಟಾಪನ್ನು ಎಸೆಯಲು ಮನಸ್ಸಾಗದೆ ಅದಕ್ಕೆ ಲಿನಕ್ಸ್ ಹಾಕಿಸಿ ಮಕ್ಕಳ ಕೈಗೆ ಕೊಟ್ಟವರೂ ನಮ್ಮಲ್ಲಿದ್ದಾರೆ. ಇಂಗ್ಲಿಷ್ ಚೆನ್ನಾಗಿಯೇ ಕಾಣುತ್ತದೆ, ಕನ್ನಡ ಮಾತ್ರ ಮಸಿ ಚೆಲ್ಲಿದಂತಿರುತ್ತದೆ ಎಂಬುದು ಅವರ ದೂರು. ಕೆಲವರು ಇದಕ್ಕೆ ನಮ್ಮ ಲಿಪಿಯನ್ನೇ ಹೊಣೆಮಾಡುತ್ತಾರೆ. ದುಂಡಕ್ಷರ, ಒತ್ತಕ್ಷರಗಳು ಯಂತ್ರಕ್ಕೆ ಒಗ್ಗುವುದಿಲ್ಲವಂತೆ. ಇನ್ನು ಕೆಲವರು ಬಿಟ್ಟಿ ಸಿಕ್ಕಿದ್ದು ಇಷ್ಟೇ ಎಂದು ಸುಮ್ಮನಾಗುತ್ತಾರೆ. ಈ ಎರಡು ತೀರ್ಪುಗಳನ್ನೂ ನಾವು ಒಪ್ಪಲಾರೆವು.

ಯಂತ್ರಕ್ಕೆ ಒಗ್ಗದ ಲಿಪಿಯಾಗಿದ್ದರೆ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಕಿಟ್ಟೆಲರ ಬೃಹತ್ ನಿಘಂಟು ಹೊರಬರುತ್ತಲೇ ಇರಲಿಲ್ಲ. ಲಿನಕ್ಸಿನಲ್ಲಿ ಅಕ್ಷರಗಳನ್ನು ಜೋಡಿಸುವ ಹಾರ್ಫ್‌ಬಜ್ ಎಂಬ ತಂತ್ರಾಂಶವಂತೂ ತನ್ನ ಕೆಲಸವನ್ನು ಅಚ್ಚುಕಟ್ಟಾಗಿಯೇ ಮಾಡುತ್ತದೆ. 'ಕರ್ಮ' ಎಂಬಲ್ಲಿ ರಕಾರ ಗಣಕದ ನೆನಪಿನಲ್ಲಿ ಮಕಾರಕ್ಕಿಂತ ಮೊದಲಿರುತ್ತದೆ, ಬರಹದಲ್ಲಿ ಅರ್ಕಾವತ್ತಾಗಿ ಅದರ ನಂತರ ಬರಬೇಕು. ಈ ಸ್ಥಾನಪಲ್ಲಟವನ್ನು ಅದು ತಪ್ಪದೆ ಮಾಡುತ್ತದೆ. ಫೈರ್‌ಫಾಕ್ಸ್, ಕ್ರೋಮಿಯಂ ಎರಡೂ ಅದನ್ನೇ ನೆಚ್ಚಿಕೊಂಡಿವೆ.

ದೋಷವಿರುವುದು ಅಕ್ಷರಶೈಲಿಯ ಆಯ್ಕೆಯಲ್ಲಿ. ಪುಟವು ಇಂಥ ಶೈಲಿ ಬೇಕೆಂದು ಕೇಳುತ್ತದೆ. ಫಾಂಟ್‌ಕಾನ್ಫಿಗ್ ಎಂಬ ವ್ಯವಸ್ಥೆ ಒಂದು ರೋಮನ್ ಶೈಲಿಯನ್ನು ಮುಂದಿಡುತ್ತದೆ. ಅದರಲ್ಲಿ ಕನ್ನಡ ಇಲ್ಲವಾದ್ದರಿಂದ, ಕನ್ನಡವಿರುವ ಮತ್ತಾವುದನ್ನಾದರೂ ಹುಡುಕಿ ತರಬೇಕಾಗುತ್ತದೆ. ಪಂಕ್ತಿಯ ಊಟಕ್ಕೆ ಕಡೆಯಲ್ಲಿ ಬಂದವನ ಎಲೆಗೆ ಉಳಿದದ್ದನ್ನು ಬಡಿಸಿದಂತೆ! ಬೇರೆ ಕನ್ನಡ ಶೈಲಿ ಇಲ್ಲದ ಯಂತ್ರದಲ್ಲಿ ಯುನಿಫಾಂಟ್ ಸಿಕ್ಕಿತೆಂದರೆ ಮುಗಿಯಿತು. ಅದು 16 ಚುಕ್ಕೆ ಎತ್ತರದ ಚೌಕಟ್ಟಿನಲ್ಲಿ ಕೂರಿಸಿದ ಅಕ್ಷರ, ಒತ್ತು ಗೊತ್ತಿಲ್ಲ, 'ಕನ್ನಡ'ವೇ 'ಕನ್‌ನಡ' ಆಗಿ ನಿಲ್ಲುತ್ತದೆ.

ಸಾಮಾನ್ಯವಾಗಿ ಸಿಗುವುದು ಲೋಹಿತ್. 2004ರಿಂದ ಮುಕ್ತವಾಗಿ ದೊರೆಯುತ್ತಿರುವ ಲೋಹಿತ್ ಶೈಲಿಗಳು ಭಾರತೀಯ ಭಾಷೆಗಳಿಗೆ ಮಾಡಿದ ಉಪಕಾರ ಸಣ್ಣದಲ್ಲ. ಸಾಲು ಸಾಲಾಗಿ ಓದುವಾಗ ಲೋಹಿತ್ ಕನ್ನಡ ಕಣ್ಣಿಗೆ ಹಿತವಾಗಿಯೇ ಇದೆ. ಆದರೆ ಅದಕ್ಕಿರುವುದು ಒಂದೇ ತೂಕ. ದಪ್ಪಕ್ಷರವನ್ನು ಯಾರೂ ಬರೆದಿಟ್ಟಿಲ್ಲ. ಶೀರ್ಷಿಕೆಗೆ ದಪ್ಪಕ್ಷರ ಬೇಕಾದಾಗ ಬ್ರೌಸರ್ ಇರುವ ಅಕ್ಷರದ ಅಂಚನ್ನೇ ಹಿಗ್ಗಿಸಿ, ಅಥವಾ ತುಸು ಸರಿಸಿ ಇನ್ನೊಮ್ಮೆ ಬಳಿದು ಕೈತೊಳೆದುಕೊಳ್ಳುತ್ತದೆ. ರೋಮನ್ ಲಿಪಿ ಇದನ್ನು ಹೇಗೋ ತಡೆದುಕೊಂಡೀತು. ನಮ್ಮ ಲಿಪಿಯಲ್ಲಿ ದ–ಧ, ಡ–ಢ, ಪ–ಫ, ಬ–ಭ ಇವುಗಳ ನಡುವಿನ ಅಂತರವೆಲ್ಲ ಅಡಿಯ ಒಂದು ಸಣ್ಣ ಸೀಳಿನಲ್ಲಿದೆ. ಹಳೆಯ ಲ್ಯಾಪ್‌ಟಾಪಿನ ತೆರೆಯಲ್ಲಿ ಆ ಸೀಳಿಗೆ ಸಿಗುವುದು ಒಂದೋ ಎರಡೋ ಚುಕ್ಕೆ. ಅಂಚು ಹಿಗ್ಗಿತೆಂದರೆ ಅದು ಮುಚ್ಚಿಹೋಗುತ್ತದೆ, ದನ ಯಾವುದು ಧನ ಯಾವುದು ತಿಳಿಯದಾಗುತ್ತದೆ. ನಾವು, ಹಿರಿಯರು, ಅರ್ಥದ ಮೇಲೆ ಊಹಿಸಿ ಓದಿಕೊಳ್ಳುತ್ತೇವೆ. ಶಾಲೆಯಲ್ಲಿ ಮರಾಠಿ, ಹಿಂದಿ ಕಲಿತು, ರವಿವಾರದ ತರಗತಿಯಲ್ಲಿ ಕನ್ನಡದ ಅಕ್ಷರ ತಿದ್ದುವ ಮಗು ಯಾವ ಅರ್ಥದ ಮೇಲೆ ಊಹಿಸಬೇಕು? ಅದು ಓದುವುದು ಶೀರ್ಷಿಕೆಗಳನ್ನೇ. ನಾಲ್ಕು ಸಲ ತಪ್ಪಿದರೆ ಇಂಗ್ಲಿಷ್ ಪುಟಕ್ಕೆ ಜಿಗಿಯುತ್ತದೆ. ಕನ್ನಡ ಕಷ್ಟ ಎಂದು ನಾವೂ ತಲೆದೂಗುತ್ತೇವೆ.

ಚುಕ್ಕೆಗಳಿಗೆ ಹೊಂದುವಂತೆ ಅಕ್ಷರವನ್ನು ಎಳೆದು ಕೂರಿಸುವ 'ಹಿಂಟಿಂಗ್' ವಿಷಯವಾಗಿ ಬಹಳ ವಾದಗಳಿವೆ. ಆ್ಯಪಲ್ ಸಂಸ್ಥೆಯ ಪೇಟೆಂಟುಗಳ ಅವಧಿ 2010ರಲ್ಲಿ ತೀರುವವರೆಗೆ ಫ್ರೀಟೈಪ್ ತಂತ್ರಾಂಶ ಅದರ ಒಂದು ಭಾಗವನ್ನು ಮುಚ್ಚಿಡಬೇಕಾಗಿತ್ತೆಂಬುದು ನಿಜ. ಈಗ ಆ ನೆಪವಿಲ್ಲ. ದುಂಡಕ್ಷರಕ್ಕೆ 'ಸ್ಲೈಟ್' ಎಂಬ ಹಗುರ ಹಿಂಟಿಂಗ್ ಸಾಕು.

ಮದ್ದು ಸುಲಭ. ಡೆಬಿಯನ್, ಉಬುಂಟುಗಳಲ್ಲಿ 'ಫಾಂಟ್ಸ್-ನೋಟೋ-ಕೋರ್' ಎಂಬ ಕಟ್ಟನ್ನು ಹಾಕಿಕೊಂಡರೆ ನೋಟೋ ಸ್ಯಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ ಎರಡೂ ಬರುತ್ತವೆ. ಇವುಗಳಲ್ಲಿ ದಪ್ಪಕ್ಷರ ಬೇರೆಯಾಗಿ ರಚಿಸಿದ್ದು, ಸೀಳು ಉಳಿದಿದೆ. ಸೆರಿಫ್‌ನಲ್ಲಿ ಪುಸ್ತಕದ ಅಚ್ಚಿನ ಛಾಯೆಯಿದೆ, ನಮ್ಮ ಮನಸ್ಸು ಅದರ ಕಡೆಗೇ. (ನವಿಲು ಎಂಬ ಕೈಬರಹದ ಶೈಲಿಯೂ ಮುಕ್ತವಾಗಿ ಸಿಗುತ್ತದೆ; ಹಬ್ಬದ ಶುಭಾಶಯಕ್ಕೆ ಚೆಂದ, ಓದಿಗಲ್ಲ.) ಬಳಿಕ ಫೈರ್‌ಫಾಕ್ಸಿನ ಸೆಟ್ಟಿಂಗ್ಸ್‌ನಲ್ಲಿ ಫಾಂಟ್ಸ್ ಎಂಬಲ್ಲಿ 'ಅಡ್ವಾನ್ಸ್ಡ್' ಒತ್ತಿದರೆ ಭಾಷೆಗಳ ಪಟ್ಟಿ ತೆರೆಯುತ್ತದೆ. ಅದರಲ್ಲಿ ಕನ್ನಡವನ್ನು ಆರಿಸಿ ಈ ಶೈಲಿಗಳನ್ನು ನಮೂದಿಸಬೇಕು, ಕನಿಷ್ಠ ಗಾತ್ರವನ್ನೂ ತುಸು ಏರಿಸಬೇಕು. ಕ್ರೋಮಿಯಂನಲ್ಲಿ ಇಂಥ ಪಟ್ಟಿಯಿಲ್ಲ. ಅಲ್ಲಿ ಫಾಂಟ್‌ಕಾನ್ಫಿಗ್‌ನ ಕಡತದಲ್ಲೇ ನೋಟೋಗೆ ಮೊದಲ ಸ್ಥಾನ ಬರೆದಿಡಬೇಕು, ಬಲ್ಲವರ ನೆರವು ಬೇಕಾದೀತು.

ಇಷ್ಟಾದರೂ ಫೈರ್‌ಫಾಕ್ಸಿನ ಈ ಏರ್ಪಾಡು ಕೆಲವು ಪುಟಗಳಲ್ಲಿ ಫಲಿಸುವುದಿಲ್ಲ. ತನ್ನ ಭಾಷೆ ಕನ್ನಡವೆಂದು ಪುಟವೇ 'ಕೆಎನ್' ಎಂಬ ಎರಡಕ್ಷರದ ಗುರುತಿನಿಂದ ಸಾರಬೇಕು. ಇಂಗ್ಲಿಷ್ ಪುಟದ ಅಚ್ಚನ್ನೇ ನಕಲುಮಾಡಿ ಕನ್ನಡ ತುಂಬಿದವರು ಆ ಗುರುತನ್ನು ಇಂಗ್ಲಿಷೆಂದೇ ಬಿಟ್ಟಿರುತ್ತಾರೆ. ಸಾಲುಗಳ ಅಂತರವೂ ಇಂಗ್ಲಿಷಿಗೆ ಅಳೆದದ್ದೇ; 'ರಾಷ್ಟ್ರ'ದ ಒತ್ತುಗಳು ಕೆಳಗಿನ ಸಾಲಿನ ತಲೆಗೆ ತಗಲುತ್ತವೆ, ಇಲ್ಲವೇ ಚೌಕಟ್ಟಿನ ಅಂಚಿಗೆ ಸಿಕ್ಕಿ ತುಂಡಾಗುತ್ತವೆ. ಕನ್ನಡದ ಹೆಸರಿನಲ್ಲಿ ನಡೆಯುವ ತಾಣಗಳಿಂದಲೇ ಈ ಉದಾಸೀನ ಬಂದಾಗ ಲಿನಕ್ಸನ್ನು ದೂರಿ ಫಲವೇನು? ಅದನ್ನು ಸರಿಪಡಿಸುವುದು ಓದುಗರ ಕೈಯಲ್ಲಿಲ್ಲ. ತುಂಡಾದ ಪದದ ಚಿತ್ರವನ್ನು ಲಗತ್ತಿಸಿ ಆ ತಾಣದ ಸಂಪಾದಕರಿಗೇ ಬರೆಯಬೇಕು.