ಬೆಂಡು ತೆಗೆಯುವ ಕೈ
ನಂದಿನಿ ಲೇಔಟ್‌ನ ಸೈಕಲ್ ಶಾಪ್ ಮುಂದೆ ನಿಂತಾಗೆಲ್ಲ ನನ್ನ ಕಣ್ಣು ಚಕ್ರದ ಬೆಂಡು ತೆಗೆಯುವ ಕೈಯ ಮೇಲೆ. ಹಳೆಯ ಕಪ್ಪು ಸೈಕಲ್ಲಿಗೆ ಮುಂದೆ 32 ಕಡ್ಡಿ, ಹಿಂದೆ 40; ಭಾರ ಹೆಚ್ಚು ಬೀಳುವುದು ಹಿಂದೆಯೇ ತಾನೆ. ರಿಮ್ ಎಡಕ್ಕೆ ವಾಲಿದ್ದರೆ ಅಲ್ಲಿ ಬಲಬದಿಯ ಕಡ್ಡಿಯ ನಿಪ್ಪಲ್ ಕಾಲು ಸುತ್ತು ಬಿಗಿ, ಎಡಬದಿಯದು ಅಷ್ಟೇ ಸಡಿಲ. ಮತ್ತೆ ತಿರುಗಿಸಿ ನೋಡು. ಅವಸರಪಟ್ಟರೆ ಚಕ್ರದ ದುಂಡುತನವೇ ಕೆಡುತ್ತದೆ. ಪಂಕ್ಚರ್ ಹಾಕುವುದನ್ನು ಮಕ್ಕಳು ಒಂದು ಮಧ್ಯಾಹ್ನದಲ್ಲಿ ಕಲಿತಾರು. ಬೆಂಡು ತೆಗೆಯಲು ತಿಂಗಳುಗಟ್ಟಲೆ ಕೈ ಪಳಗಬೇಕು.

2006-07ರಿಂದ ಕರ್ನಾಟಕ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿತು. ಜೊತೆಗೆ ರಿಪೇರಿಯನ್ನೂ ಕಲಿಸಿದ್ದರೆ ಎಷ್ಟು ಸೈಕಲ್ ಉಳಿಯುತ್ತಿದ್ದವೋ! ಈಗಲೂ ಶಾಲೆಗಳು ಶನಿವಾರ ಒಂದು ಗಂಟೆ ಇದಕ್ಕೆ ಬಿಡಲಿ. ಬಡಾವಣೆಯ ಮೇಸ್ತ್ರಿಗಳನ್ನು ಗೌರವದಿಂದ ಕರೆದು, ಪಾನಾ ಮಕ್ಕಳ ಕೈಗೆ ಕೊಡಿಸಲಿ.