ಬರದ ಚಿತ್ರದಲ್ಲಿ ಹೆಸರಿಲ್ಲದವರು

1877ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ದಿ ಗ್ರಾಫಿಕ್’ ವಾರಪತ್ರಿಕೆ ಬಳ್ಳಾರಿ ಜಿಲ್ಲೆಯ ಬರದ ಒಂದು ಕೆತ್ತನೆ ಚಿತ್ರವನ್ನು ಅಚ್ಚು ಹಾಕಿತು. ಮೂಳೆಚಕ್ಕಳವಾದ ದನಗಳು, ಅವುಗಳಷ್ಟೇ ಸೊರಗಿದ ಜನ. ಧಾತು ಈಶ್ವರ ಸಂವತ್ಸರಗಳ ಆ ಬರದ ಬಗ್ಗೆ ಓದಹೊರಟವರಿಗೆ ಈ ಚಿತ್ರ ಎದುರಾಗದೇ ಇರುವುದಿಲ್ಲ. ನಾನು ಇದನ್ನು ಮೊದಲು ನೋಡಿದ್ದು ಬುಕ್ಕಸಾಗರದ ನಮ್ಮ ಮನೆಯಲ್ಲಿ ಕೂತು, ಮೊಬೈಲಿನಲ್ಲಿ. ಹೊರಗೆ ಬಾಳೆ, ಭತ್ತ, ವಿಜಯನಗರದ ಅರಸರು ತೋಡಿಸಿದ ಕಾಲುವೆಗಳ ನೀರು. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ನಮ್ಮೂರೂ ಸೇರಿತ್ತು ಎಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು. 1871ರಿಂದ 1881ರ ಜನಗಣತಿಯ ಹೊತ್ತಿಗೆ ಜಿಲ್ಲೆಯಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ಜನ ಕಡಿಮೆಯಾಗಿದ್ದರು.

ಚಿತ್ರ ಕರುಳು ಹಿಂಡುತ್ತದೆ, ನಿಜ. ಆದರೆ ಅದು ಏನನ್ನು ಹೇಳುತ್ತಿಲ್ಲ ಎಂಬುದು ನನಗೆ ಹೊಳೆದದ್ದು ಐರ್ಲೆಂಡಿನ ಚಿತ್ರಗಳನ್ನು ನೋಡಿದ ಮೇಲೆ.

1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಐರ್ಲೆಂಡಿನಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. 1847ರಲ್ಲಿ ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಪತ್ರಿಕೆಯು ಕಾರ್ಕ್ ನಗರದ ಕಲಾವಿದ ಜೇಮ್ಸ್ ಮಹೋನಿಯನ್ನು ಸ್ಕಿಬರೀನ್ ಸೀಮೆಗೆ ಕಳಿಸಿತು. ಸತ್ತ ಕೂಸನ್ನು ತೋಳಲ್ಲಿಟ್ಟುಕೊಂಡು ಶವಪೆಟ್ಟಿಗೆಗೆ ಕಾಸು ಬೇಡುವ ತಾಯಿಯ ಚಿತ್ರ ಅವನದೇ. ಇವೂ ಪೂರ್ತಿ ಸತ್ಯವಲ್ಲ. ಜೊತೆಗಿರುವ ಬರಹ ಹೇಳುವಷ್ಟು ಬಡಕಲಾಗಿ ಚಿತ್ರದ ಮೈಗಳು ಕಾಣುವುದಿಲ್ಲ. ಅದೇ ಲಂಡನ್ನಿನ ‘ಪಂಚ್’ ಪತ್ರಿಕೆ ಐರಿಷರನ್ನು ಮಂಗಗಳಂತೆ ಬರೆದು ನಗುತ್ತಿತ್ತು ಎಂಬುದನ್ನೂ ಮರೆಯಬೇಕಿಲ್ಲ.

ಆದರೂ 1849ರ ಡಿಸೆಂಬರಿನ ಒಂದು ಚಿತ್ರ ನನ್ನನ್ನು ಬಿಡುತ್ತಿಲ್ಲ. ಕ್ಲೇರ್ ಸೀಮೆಯ ಕಿಲ್‌ರಷ್ ಕಡೆಯ ಹೆಂಗಸು, ಅವಳಿಗೆ ಆತುಕೊಂಡ ಚಿಂದಿಬಟ್ಟೆಯ ಮಕ್ಕಳು. ಅವಳಿಗೆ ಹೆಸರಿದೆ: ಬ್ರಿಜೆಟ್ ಓಡೊನೆಲ್. ಪತ್ರಿಕೆ ಅವಳ ಮಾತನ್ನೂ ಅಚ್ಚು ಹಾಕಿದೆ. ಗಂಡ ಎಷ್ಟು ಎಕರೆ ಮಾಡುತ್ತಿದ್ದ, ವರ್ಷಕ್ಕೆ ಗೇಣಿ ಎಷ್ಟು, ಬಾಕಿ ಬಿದ್ದದ್ದಕ್ಕೆ ಯಾವ ತಿಂಗಳು ಹೊರಹಾಕಿದರು, ಬಸುರಿಯಾದ ತಾನು ಜ್ವರದಲ್ಲಿ ಮಲಗಿದ್ದಾಗಲೇ ಮನೆ ಕೆಡವಲು ಹೇಗೆ ಬಂದರು, ಎಲ್ಲವನ್ನೂ ಅವಳು ಲೆಕ್ಕ ಒಪ್ಪಿಸುವವಳಂತೆ ಹೇಳುತ್ತಾಳೆ. ಅದನ್ನು ಓದಿ ಮತ್ತೆ ಚಿತ್ರ ನೋಡಿದರೆ ಕಾಣುವುದು ಹಸಿದವಳಷ್ಟೇ ಅಲ್ಲ, ಒಕ್ಕಲೆಬ್ಬಿಸಲ್ಪಟ್ಟವಳು. ನೋಡುಗನಿಗೆ ಕನಿಕರದ ಜೊತೆ ಒಂದು ಪ್ರಶ್ನೆಯೂ ಏಳುತ್ತದೆ: ಎಬ್ಬಿಸಿದವರು ಯಾರು?

ಬಳ್ಳಾರಿಯ ಚಿತ್ರದ ಮುಂದೆ ಈ ಪ್ರಶ್ನೆ ಏಳುವುದೇ ಇಲ್ಲ. ಅಲ್ಲಿ ಮಳೆ ತಪ್ಪಿದೆ, ದನ ಸಾಯುತ್ತಿವೆ, ಅಷ್ಟೇ. ಜನ ನಿಸರ್ಗದ ಒಂದು ಭಾಗವಾಗಿ ಒಣಗುತ್ತಿದ್ದಾರೆ. ದೂರದ ಪ್ರಜೆಗಳ ಬಗೆಗಿನ ಅಸಡ್ಡೆ ಇದಕ್ಕೆ ಕಾರಣ ಎಂದು ಮೊದಲು ಅಂದುಕೊಂಡಿದ್ದೆ. ಈಗ ಅದು ಅರ್ಧ ಕಾರಣ ಮಾತ್ರ ಅನ್ನಿಸುತ್ತದೆ. ಐರ್ಲೆಂಡಿನಲ್ಲಿ ಬೆರಳು ಮಾಡಿ ತೋರಿಸಲು ಜಮೀನ್ದಾರನಿದ್ದ, ಅವನ ಏಜೆಂಟನಿದ್ದ. ಬಳ್ಳಾರಿಯದು ಥಾಮಸ್ ಮನ್ರೋ ನೆಲೆಗೊಳಿಸಿದ ರೈತವಾರಿ ಸೀಮೆ. ಇಲ್ಲಿ ರೈತನ ಬಾಗಿಲಿಗೆ ಕಂದಾಯಕ್ಕೆ ಬರುತ್ತಿದ್ದುದು ಸರ್ಕಾರವೇ. ಓಡೊನೆಲ್‌ಳಂತೆ ನಮ್ಮ ಸೀಮೆಯ ಒಬ್ಬ ಹೆಂಗಸು ಲೆಕ್ಕ ಒಪ್ಪಿಸಿದ್ದರೆ ಆ ಲೆಕ್ಕದ ಕೊನೆಯಲ್ಲಿ ಬರುತ್ತಿದ್ದ ಹೆಸರು ಲಂಡನ್ನಿನ ಓದುಗರ ರಾಣಿಯದೇ. 1877ರ ಜನವರಿ 1ರಂದು ದೆಹಲಿಯ ದರ್ಬಾರಿನಲ್ಲಿ ಅವಳನ್ನು ಭಾರತದ ಸಾಮ್ರಾಜ್ಞಿ ಎಂದು ಸಾರಿದಾಗ ಇಲ್ಲಿ ಬರ ಶುರುವಾಗಿ ತಿಂಗಳುಗಳೇ ಕಳೆದಿದ್ದವು.

ಅದೇ ಅಕ್ಟೋಬರಿನ 20ರಂದು ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ನಲ್ಲಿ ಬಂದ ಬೆಂಗಳೂರಿನ ಚಿತ್ರವೂ ಹೀಗೆಯೇ. ಪರಿಹಾರಕ್ಕಾಗಿ ಕಾದಿರುವ ಜನ. ಕಾಯುವುದು ಬಿಟ್ಟು ಅವರಿಗೆ ಬೇರೆ ಕೆಲಸವಿಲ್ಲ. ವಾಸ್ತವ ಬೇರೆ ಇತ್ತು. ಸರ್ ರಿಚರ್ಡ್ ಟೆಂಪಲ್ ಬರಗಾಲದ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡು, ಅಂದರೆ ಅರ್ಧ ಕಿಲೋಗೂ ಕಡಿಮೆ ಧಾನ್ಯ ಮತ್ತು ಪುಡಿಗಾಸಿಗೆ ಇಳಿಸಿದ. ಮಣ್ಣು ಹೊರುವವರಿಗೆ ಇದು ಸಾಲದು ಎಂದು ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ವಾದಿಸಿದ. ಪಕ್ಕದ ಮುಂಬೈ ಪ್ರಾಂತ್ಯದಲ್ಲಂತೂ ಕೂಲಿಗಳು ಈ ಕೂಲಿ ಬೇಡವೆಂದು ಕೆಲಸ ಬಿಟ್ಟು ಗುಂಪುಗುಂಪಾಗಿ ಹೊರನಡೆದರು. ಹೊಟ್ಟೆಗಿಲ್ಲದವರು ಮಾಡಿದ ಮುಷ್ಕರ ಅದು! ಆ ಬೆನ್ನುಗಳು ಈ ಎರಡೂ ಚಿತ್ರಗಳಲ್ಲಿಲ್ಲ.

ಈ ಚಿತ್ರಗಳು ಸುಳ್ಳು ಎನ್ನುತ್ತಿಲ್ಲ. ಇವಿಲ್ಲದಿದ್ದರೆ ಆ ಮುಖಗಳು ಇಷ್ಟಾದರೂ ಉಳಿಯುತ್ತಿರಲಿಲ್ಲ. ನನ್ನ ತಕರಾರು ನಾವು ಅವನ್ನು ಬಳಸುವ ರೀತಿಯ ಬಗ್ಗೆ. ಪುಸ್ತಕಗಳಲ್ಲಿ, ಸೆಮಿನಾರಿನ ಸ್ಲೈಡುಗಳಲ್ಲಿ ‘ಬರದ ಭೀಕರತೆ’ ಎಂಬ ಒಂದೇ ಸಾಲಿನ ಕೆಳಬರಹ ಹಾಕಿ ಮುಂದೆ ಹೋಗುತ್ತೇವೆ. ನಾನೂ ಹಾಗೆ ಮಾಡಿದವನೇ. ಹೋದ ವಾರ ನನ್ನ ಪ್ರಬಂಧದ ಕರಡಿನಲ್ಲಿ ಆ ಸಾಲು ಹೊಡೆದುಹಾಕಿ ಬೇರೆ ಬರೆಯಲು ಕೂತೆ: ಜಿಲ್ಲೆ ಬಳ್ಳಾರಿ, ರೈತವಾರಿ ಭೂಮಿ, ಕಂದಾಯ ಸರ್ಕಾರಕ್ಕೆ, ಕೂಲಿ ಒಂದು ಪೌಂಡು ಧಾನ್ಯ. ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ.