ಗುಂಪು ಪಾಠ: ಗುಂಡ್ಲುಪೇಟೆಗೆ ಎಷ್ಟು ಒಪ್ಪೀತು?

ಲೈಂಗಿಕ ಆರೋಗ್ಯದ ವಿಷಯ ತಿಳಿಸಿದರೆ ಹದಿಹರೆಯದವರು ದಾರಿ ತಪ್ಪುವರೆಂಬ ಭಯ ಹಳೆಯದು. 2007ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಶಾಲೆಗಳ ಹದಿಹರೆಯ ಶಿಕ್ಷಣ ಕಾರ್ಯಕ್ರಮವನ್ನು ತಡೆಹಿಡಿದವು. ಈ ಭಯಕ್ಕೆ ಆಧಾರವುಂಟೆ? ಅಮೆರಿಕದ ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯನ್ನು ನೋಡಿ. ಸಂಯಮ, ಕಾಂಡೋಮ್ ಎರಡನ್ನೂ ಕಲಿಸುವ ಗುಂಪು ಶಿಕ್ಷಣದ 66 ಅಧ್ಯಯನಗಳಲ್ಲಿ ಲೈಂಗಿಕ ಚಟುವಟಿಕೆ ಹೆಚ್ಚಲಿಲ್ಲ. ಒಟ್ಟಾರೆ ತುಸು ಇಳಿಯಿತು. ಸಂಯಮವನ್ನಷ್ಟೇ ಬೋಧಿಸುವ 23 ಅಧ್ಯಯನಗಳಿಂದ ಖಚಿತ ತೀರ್ಮಾನ ಸಿಗಲಿಲ್ಲ.

ಚಪ್ಪಾಳೆ ತಟ್ಟುವ ಮೊದಲು ಅಳತೆಗೋಲನ್ನು ಪರೀಕ್ಷಿಸಿ. ಈ ಅಂಕಿಗಳಲ್ಲಿ ಬಹುಪಾಲು ಮಕ್ಕಳೇ ಕೊಟ್ಟ ಉತ್ತರಗಳು. ಪಾಠ ಹೇಳಿದವರಿಗೆ ಮೆಚ್ಚುಗೆಯಾಗುವಂತೆ ಉತ್ತರ ಬರೆಯುವುದು ನಮ್ಮ ಮಕ್ಕಳಿಗೂ ಹೊಸತಲ್ಲ!

ನಮ್ಮ ನೆಲದ ಪುರಾವೆ ಇನ್ನಷ್ಟು ಕಣ್ತೆರೆಸುತ್ತದೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ 2014ರಿಂದ 2017ರವರೆಗೆ ‘ಸಮತಾ’ ಪ್ರಯೋಗ ನಡೆಯಿತು. ಪರಿಶಿಷ್ಟ ಜಾತಿ, ಪಂಗಡಗಳ ಬಾಲಕಿಯರಿಗೆ ಗುಂಪು ಸಭೆಗಳು, ಜೊತೆಗೆ ಮನೆ, ಶಾಲೆಗಳ ಸಂಪರ್ಕ. ಯಾವ ಹಳ್ಳಿಗೆ ಕಾರ್ಯಕ್ರಮ, ಯಾವುದಕ್ಕೆ ಇಲ್ಲ ಎಂಬುದನ್ನು ಯಾದೃಚ್ಛಿಕವಾಗಿ ನಿರ್ಧರಿಸಿದ್ದರು. ಕೊನೆಯಲ್ಲಿ ಮುಕ್ಕಾಲು ಪಾಲು ಬಾಲಕಿಯರು ಪ್ರೌಢಶಾಲೆ ಸೇರಿದ್ದರು, ಆದರೆ ಎರಡೂ ಬಗೆಯ ಹಳ್ಳಿಗಳಲ್ಲಿ! ಬೇಗ ಮದುವೆಯಾಗುವುದರಲ್ಲಿಯೂ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಹೋಲಿಕೆಯ ಹಳ್ಳಿಗಳು ಇಲ್ಲದಿದ್ದರೆ ಇದೇ ಅಂಕಿ ಯಶಸ್ಸಿನ ವರದಿಯಾಗುತ್ತಿತ್ತಲ್ಲವೆ?

ಈಗ ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆ ತಿರುಗೋಣ. ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಅಧ್ಯಾಯವಿದೆ. ‘ಮನೆಯಲ್ಲಿ ಓದಿಕೊಳ್ಳಿ’ ಎನ್ನುವ ಶಿಕ್ಷಕರೂ ಇದ್ದಾರೆ. ಓದಿಕೊಳ್ಳಲಿ ಎನ್ನೋಣ. ಆದರೆ ಹೆತ್ತವರೊಡನೆ ಕೂಲಿಗೆ ಕೊಡಗು, ವಯನಾಡುಗಳಿಗೆ ಹೋದ ಹುಡುಗಿ ಆ ತರಗತಿಯಲ್ಲೇ ಇಲ್ಲ. ಅಪಾಯ ಹೆಚ್ಚಿರುವುದು ಇಂಥವರಿಗೆ. 2014ರ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಶಾಲೆ ಬಿಟ್ಟವರನ್ನೂ ಲೆಕ್ಕಕ್ಕೆ ತಂದು, ಓರಗೆಯವರಿಂದಲೇ ತಿಳಿವಳಿಕೆ ಕೊಡಿಸುವ ದಾರಿ ಹಿಡಿದದ್ದು ಸರಿಯಾಗಿಯೇ ಇದೆ.

ಅಮೆರಿಕದ ಪಾಠದಲ್ಲಿ ಇಲ್ಲದ ಮತ್ತೊಂದು ಸಂಗತಿ ಇಲ್ಲಿದೆ. 2012ರ ಪೋಕ್ಸೊ ಕಾಯಿದೆಯಂತೆ 18 ತುಂಬದವರ ಒಪ್ಪಿಗೆಗೆ ಬೆಲೆಯಿಲ್ಲ. ವಿಷಯ ತಿಳಿದ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಈ ಹೆದರಿಕೆಯಿಂದ ಗರ್ಭಿಣಿ ಬಾಲಕಿ ಆಸ್ಪತ್ರೆಗೆ ಹೋಗದೆ ನಾಟಿ ಮದ್ದಿನ ಮೊರೆ ಹೊಕ್ಕರೆ ಪ್ರಾಣಕ್ಕೇ ಸಂಚಕಾರ. ಬಾಲಕಿ ಮತ್ತು ಪೋಷಕರು ಕೋರಿದರೆ ಗರ್ಭಪಾತ ಮಾಡುವ ವೈದ್ಯರು ಆ ಮಾಹಿತಿಯಲ್ಲಿ ಆಕೆಯ ಹೆಸರನ್ನು ಬಹಿರಂಗಪಡಿಸಬೇಕಿಲ್ಲವೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ಯಾವ ಗುಂಪು ಪಾಠವಾದರೂ ಇದನ್ನು ಹೇಳದಿದ್ದರೆ ಅಪೂರ್ಣವೆಂದೇ ನನ್ನ ಎಣಿಕೆ.

ನಿಮ್ಮ ಊರಿನಲ್ಲಿ ಇಂಥ ಕಾರ್ಯಕ್ರಮ ನಡೆದರೆ ಎಷ್ಟು ಮಂದಿ ಕುಳಿತಿದ್ದರು ಎಂದು ಕೇಳಬೇಡಿ. ಮುಂದಿನ ತಿಂಗಳು ‘ಸ್ನೇಹ’ ಕ್ಲಿನಿಕ್ಕಿಗೆ ಎಷ್ಟು ಮಂದಿ ತಾವಾಗಿ ಬಂದರು, ಕಾರ್ಯಕ್ರಮ ನಡೆಯದ ಪಕ್ಕದ ಊರಿನಿಂದ ಎಷ್ಟು ಮಂದಿ ಬಂದರು ಎಂದು ಕೇಳಿ.